ಕೂಸಿಗೆ ಕತಿ ಓದಾಕ ನನ್ನಂಥಾವ ಬೇಕು

ಬೇರೆಯವರ ಮನೆಯಲ್ಲಿ ಸಣ್ಣ ಕೆಲಸ ಸಣ್ಣದಾಗಿಯೇ ಮುಗಿಯುತ್ತದಂತೆ. ನಮ್ಮ ಮನೆಯಲ್ಲಿ ಹಾಗಿಲ್ಲ. ಹಾಲು ಕಾಯಿಸಲು ಇಟ್ಟರೂ ಅದು ಉಕ್ಕುವುದರೊಳಗೆ ಓಣಿಯ ಅರ್ಧ ಮಂದಿ ಬಂದು ಹೋಗಿರುತ್ತಾರೆ. ಇಂಥ ಮನೆಯಲ್ಲಿ ನಾಲ್ಕು ವರ್ಷದ ಕೂಸಿಗೆ ಕತೆ ಓದುವ ಕೆಲಸ ನನ್ನ ಪಾಲಿಗೆ ಬಂದರೆ ಅದು ಸುಮ್ಮನೆ ಮುಗಿದೀತೇ?

ಮೊದಲು ನಾನು ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ಹುಟ್ಟಿ ಬೆಳೆದದ್ದು ಹಳ್ಳಿ, ಈಗ ಮಸ್ಕಿಯಲ್ಲಿ ಮೈಕ್‌ಸೆಟ್ ಇಟ್ಟಿದ್ದೇನೆ. ಸಿಂಧನೂರಿನ ಮದುವೆ, ಲಿಂಗಸುಗೂರಿನ ಸಭೆ, ಕಾಲುವೆ ಸೀಮೆಯ ಕಬಡ್ಡಿ, ಎಲ್ಲಾ ಕಡೆ ನನ್ನದೇ ದನಿ. ನಾಳೆ ನಳದಲ್ಲಿ ನೀರು ಬರುವುದಿಲ್ಲ ಅಂತ ಆಟೋದಲ್ಲಿ ಓಣಿ ಓಣಿ ತಿರುಗಿ ಸಾರುವವನೂ ನಾನೇ. ಮುಖ ನೋಡಿದರೆ ಮೂರು ತಾಲೂಕಿನಲ್ಲಿ ಒಬ್ಬರಿಗೂ ಗುರುತು ಹತ್ತಲಿಕ್ಕಿಲ್ಲ. ಆದರೆ ನಾನು ಒಮ್ಮೆ ಕೆಮ್ಮಿದರೆ ಸಾಕು, “ಇವ ಅವನ ನೋಡಲೇ” ಅನ್ನುತ್ತಾರೆ. ಇದು ಬಡಾಯಿ ಅಲ್ಲ. ಬಡಾಯಿ ಕೊಚ್ಚುವುದೇ ಆಗಿದ್ದರೆ ಇನ್ನೂ ಬೇಕಾದಷ್ಟು ಇದೆ.

ನಮ್ಮ ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಎರಡನೇ ಹೆರಿಗೆಗೆ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಹೆರಿಗೆಯಾಗುವ ತನಕ ಮಂಚ ಬಿಟ್ಟು ಇಳಿಯಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮಗಳಿಗೋ ದಿನಾ ಮಧ್ಯಾಹ್ನ ತಾಯಿಯ ಮಗ್ಗುಲಲ್ಲಿ ಕೂತು ಕತೆ ಕೇಳುವ ರೂಢಿ. ಅಕ್ಕನಿಗೆ ಈಗ ಎರಡು ಸಾಲು ಓದಿದರೆ ಏದುಸಿರು. ಕತೆ ನಿಂತರೆ ಕೂಸು ಸುಮ್ಮನಿರಬೇಕಲ್ಲ, ಸೀದಾ ತಾಯಿಯ ಹೊಟ್ಟೆಯ ಮೇಲೇ ಹತ್ತಲು ಹೋಗುತ್ತಿತ್ತು. ವಾರಕ್ಕೊಮ್ಮೆ ಬರುವ ಭಾವ ಇದನ್ನು ನೋಡಿ, ಕೂಸನ್ನು ಲಿಂಗಸುಗೂರಿಗೆ ಕರೆದೊಯ್ಯುತ್ತೇನೆ ಅಂದರು. ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಸೆರಗು ಕಣ್ಣಿಗೆ ಹೋದದ್ದು ನನಗೆ ಕಂಡಿತು.

ನಾನು ಎದ್ದು ನಿಂತು, ಮೂರು ತಾಲೂಕನ್ನು ಕೂಡಿಸಿ ಕೇಳಿಸುವವನಿಗೆ ಒಂದು ಕೂಸನ್ನು ಕೂಡಿಸುವುದು ಯಾವ ದೊಡ್ಡ ಮಾತು, ನಾ ಓದ್ತೀನಿ ಅಂದೆ. ಭಾವ ನಕ್ಕರು.

“ನಿನ್ನ ಬಾಯಿ ಸಂತಿಗೆ ಸರಿ, ಕೂಸಿಗಲ್ಲ. ಶ್ರಾವಣ ಮುಗಿದ ಮ್ಯಾಲಿನ ಐತವಾರ ಬರ್ತೀನಿ. ಒಂದು ಪುಸ್ತಕ ಮುಗಿಯೂತನಕ ಕೂಸು ತಾಯಿ ಕಡೆ ಓಡದಂಗ ಕುಂತ್ರ ಇಲ್ಲೇ ಇರ್ಲಿ. ಇಲ್ಲಂದ್ರ ನನ್ನ ಜೋಡಿ ಬಸ್ ಹತ್ತೂದು ಖರೆ.”

ಷರತ್ತು ಅಷ್ಟೇ. ಒಂದು ಒಳ್ಳೇ ಪುಸ್ತಕ ಹುಡುಕಬೇಕು, ಓದಬೇಕು. ಓದುವುದಕ್ಕೆ ನಾನಿದ್ದೆ. ಪುಸ್ತಕದ್ದೇ ಫಜೀತಿ.

ಹುಲಿ ಬಂತು

ಮೊದಲನೇ ಪುಸ್ತಕ ಮಸ್ಕಿಯ ಸಂತೆಯಲ್ಲೇ ಸಿಕ್ಕಿತು. ಹೊದಿಕೆಯ ಮೇಲೆ ಬಾಯಿ ತೆರೆದ ಹುಲಿ. ನನ್ನ ಲೆಕ್ಕ ಸರಳ: ಹುಲಿ ಇದ್ದರೆ ಕೂಸು ಹೆದರಿ ಅಲುಗಾಡದೆ ಕೂಡುತ್ತದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಕೂಸನ್ನು ಎದುರಿಗೆ ಕೂಡಿಸಿ, ಗಂಟಲು ಸರಿಮಾಡಿಕೊಂಡೆ. ಕೈಯಲ್ಲಿ ಕಾಗದ ಹಿಡಿದರೆ ನನ್ನ ಬಾಯಿಂದ ಮೊದಲು ಬರುವ ಮಾತು ಒಂದೇ. ಅದು ರೂಢಿಯಿಂದ ಬಂದೇಬಿಟ್ಟಿತು.

“ಸಾರ್ವಜನಿಕರ ಗಮನಕ್ಕೆ,” ಅಂದೆ. ಆಮೇಲೆ ಪುಸ್ತಕದಲ್ಲಿದ್ದದ್ದನ್ನು ಓದಿದೆ. ಹಸಿದ ಹುಲಿಯೊಂದು ಗುಡ್ಡ ಇಳಿದು ಊರೊಳಗೆ ಬಂದಿದೆ. ಸಿಕ್ಕ ಸಿಕ್ಕ ದನ ಕರುಗಳನ್ನು ಹಿಡಿಯುತ್ತಿದೆ.

ಕೂಸು ಎರಡೂ ಕಿವಿ ಮುಚ್ಚಿಕೊಂಡು, “ಮಾಮಾ, ಸೌಂಡ್ ಕಮ್ಮಿ ಮಾಡು” ಅಂದು ಒಳಗೆ ತಾಯಿಯ ಕಡೆ ಓಡಿತು. ಓಡಿದ್ದು ಅದೊಂದೇ ಅಲ್ಲ. ಓಣಿಯಲ್ಲಿ ಬಾಗಿಲುಗಳು ಒಂದರ ಹಿಂದೆ ಒಂದು ದಪ್ ದಪ್ ಅಂತ ಮುಚ್ಚಿಕೊಂಡವು. ತಾಯಂದಿರು ಆಡುತ್ತಿದ್ದ ಮಕ್ಕಳ ಹೆಸರು ಹಿಡಿದು ಕೂಗಿದರು. ನಮ್ಮೂರಲ್ಲಿ ಗುಡ್ಡವಿದೆ, ಗುಡ್ಡದಲ್ಲಿ ಚಿರತೆ ಕಂಡಿತು ಅನ್ನುವ ಸುದ್ದಿ ಆಗಾಗ ಬರುತ್ತದೆ. ಮೇಲಾಗಿ ಸುದ್ದಿ ನನ್ನ ದನಿಯಲ್ಲಿ ಬಂದಿದೆ. ನಂಬದೆ ಏನು ಮಾಡಿಯಾರು?

ಸ್ವಲ್ಪ ಹೊತ್ತಿಗೆ ಮಗ್ಗುಲ ಮನೆಯ ಆಡು ಸಾಕುವ ಮುದುಕ ಬಡಿಗೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಬಂದ. ಹುಲಿ ಯಾವ ಕಡೆ ಹೋತು, ಎಷ್ಟು ದೊಡ್ಡದೈತಿ ಅಂತ ಪಿಸುಮಾತಿನಲ್ಲಿ ಕೇಳಿದ. ನಾನು ಪುಸ್ತಕ ತೋರಿಸಿದೆ. ಅವನು ಹುಲಿಯ ಚಿತ್ರ ನೋಡಿದ, ನನ್ನ ಮುಖ ನೋಡಿದ, ಮತ್ತೆ ಚಿತ್ರ ನೋಡಿದ.

“ಇದನ್ನ ಮೊದ್ಲ ಹೇಳಬಾರದೇನೋ? ಆಡೆಲ್ಲಾ ಅಡಗಿ ಮನ್ಯಾಗ ಹಾಕಿ ಬಾಗಲಾ ಹಾಕೀನಿ. ಮುಂಜಾನಿ ಬಡದ ರೊಟ್ಟಿ ಒಂದೂ ಉಳದಿಲ್ಲ.”

ಬೈಯುತ್ತಾ ಹೊರಟವನು ತನ್ನ ಮನೆಯ ಬಾಗಿಲ ತನಕ ಹೋಗಿ ತಿರುಗಿ ಬಂದ.

“ಅದಿರ್ಲಿ. ನಾಳೆ ನೀರು ಬರ್ತಾವೋ ಇಲ್ಲೋ, ಅದರ ಖರೆ ಹೇಳು.”

ದಪ್ಪ ಪುಸ್ತಕದ ಉಪಯೋಗ

ಸಂತೆಯ ಪುಸ್ತಕದ ಹಣೆಬರಹ ಇಷ್ಟೇ ಅಂದುಕೊಂಡು ಸಿಂಧನೂರಿಗೆ ಹೋದೆ. ದೊಡ್ಡ ಅಂಗಡಿ. ನೆಲದಿಂದ ಮಾಳಿಗೆಯ ತನಕ ಪುಸ್ತಕ. ಓದುವ ಪುಸ್ತಕ ಬೇಕು ಅಂದೆ. ಅಂಗಡಿಯವನು ತಲೆ ಎತ್ತದೆ ಯಾವ ಪರೀಕ್ಷೆಗೆ ಅಂತ ಕೇಳಿದ. ಪರೀಕ್ಷೆ ಅಲ್ಲ, ಕತೆ ಅಂದೆ. ಕತೆಯೋ, ಅದು ಯಾವ ಹುದ್ದೆಗೆ ಬರುತ್ತದೆ ಅಂದ. ನಾಲ್ಕು ವರ್ಷದ ಕೂಸಿಗೆ ಅಂತ ಬಿಡಿಸಿ ಹೇಳಿದ ಮೇಲೆ ಅವನು ತಲೆ ಎತ್ತಿ ನನ್ನನ್ನು ಬಹಳ ಮೆಚ್ಚುಗೆಯಿಂದ ನೋಡಿದ. “ಚಲೋ ಆತು ಬಿಡ್ರಿ, ಈಗಿಂದನ ತಯಾರಿ ಸುರು ಮಾಡೀರಿ” ಅಂದ.

ಹುಡುಕಿ ಹುಡುಕಿ ಕೊನೆಗೆ ಹಿಂದಿನ ಕಪಾಟಿನಿಂದ ಒಂದಷ್ಟು ತೆಳ್ಳಗಿನ ಪುಸ್ತಕ ತೆಗೆದು ಧೂಳು ಬಡಿದು ಮುಂದಿಟ್ಟ. ಒಂದೊಂದು ಹಾಳೆಗೆ ಒಂದೊಂದೇ ಸಾಲು, ಉಳಿದದ್ದೆಲ್ಲ ಚಿತ್ರ. ನನಗೆ ಅವಮಾನವಾಯಿತು. ಮುಂಜಾನೆಯಿಂದ ಸಂಜೆಯ ತನಕ ನೀರು ಕುಡಿಯದೆ ಮಾತಾಡುವ ಗಂಡಸಿಗೆ ಹಾಳೆಗೆ ಒಂದು ಸಾಲೇ? ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಪುಸ್ತಕ ಕೇಳಿದೆ. ಕಲ್ಲಂಗಡಿ ನೋಡುವ ಹಾಗೆ ಕೈಯಲ್ಲಿ ತೂಗಿ ನೋಡಿದೆ, ಬೆರಳಿನಿಂದ ಬಡಿದೂ ನೋಡಿದೆ. ಹಳೇ ಕಾಲದ ರಾಜರ ಕತೆಗಳು. ಇದಪ್ಪಾ ಪುಸ್ತಕ ಅಂದುಕೊಂಡು, ಬಸ್ಸಿನಲ್ಲಿ ಹೆಸರು ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಕೂಸು ಚಿತ್ರ ಹುಡುಕುತ್ತಾ ಹಾಳೆ ತಿರುವಿತು. ತಿರುವಿತು, ತಿರುವುತ್ತಲೇ ಇತ್ತು. ಎಲ್ಲೋ ನಡುವೆ ಒಂದು ಇರುವೆ ಸತ್ತು ಹಾಳೆಗೆ ಅಂಟಿಕೊಂಡಿತ್ತು. “ಇದರ ಕತಿ ಓದು” ಅಂತ ಅದರ ಮೇಲೆ ಬೆರಳಿಟ್ಟಿತು. ರಾಜನ ಕತೆ ಇದೆ, ಇರುವೆಯದಿಲ್ಲ ಅಂದೆ. ಹಾಗಾದರೆ ಅದು ಯಾಕೆ ಸತ್ತಿತು ಅಂತ ಕೇಳಿತು. ಬಹುಶಃ ಓದಿಯೇ ಸತ್ತಿರಬೇಕು.

ಆದರೆ ಮರುದಿನ ಆಶ್ಚರ್ಯ. ಮಧ್ಯಾಹ್ನ ಕೂಸು ತಾನೇ ಬಂದು ಆ ಪುಸ್ತಕವನ್ನು ಎರಡೂ ಕೈಯಿಂದ ತಬ್ಬಿಕೊಂಡು ಒಯ್ದಿತು. ಮನೆ ತಣ್ಣಗಾಯಿತು. ಅಕ್ಕ ಕಣ್ಣು ಮುಚ್ಚಿದಳು. ನಾನು ಎದೆ ಉಬ್ಬಿಸಿಕೊಂಡು, ನೋಡು, ದೊಡ್ಡ ಪುಸ್ತಕದ ದಮ್ಮು ಅಂದರೆ ಇದು ಅಂತ ಅವಳಿಗೆ ಹೇಳುತ್ತಿರುವಾಗಲೇ ಅಡುಗೆ ಮನೆಯಿಂದ ಅವ್ವ ಕೂಗಿದಳು. ಹೋಗಿ ನೋಡಿದರೆ ರಾಜರೆಲ್ಲ ನೆಲದ ಮೇಲೆ. ಅವರ ಮೇಲೆ ಕೂಸು ನಿಂತಿದೆ. ಬಾಯಿ ತುಂಬ ಬೆಲ್ಲ.

ನನ್ನನ್ನು ನೋಡಿ ಅದಕ್ಕೆ ಬಹಳ ಖುಷಿಯಾಯಿತು.

“ಇಂಥಾದ್ದ ಇನ್ನೊಂದು ತಾ ಮಾಮಾ. ಇದರಾಗ ಬೆಲ್ಲದ ಡಬ್ಬಿ ಸಿಗ್ತೈತಿ, ಶೇಂಗಾದ್ದು ಸಿಗವಲ್ದು.”

ನೀತಿ

ಈ ಸುದ್ದಿ ಲಿಂಗಸುಗೂರಿಗೆ ಮುಟ್ಟಿತು. ಮುಂದಿನ ಸಲ ಬರುವಾಗ ಭಾವ ತಾವೇ ಒಂದು ಪುಸ್ತಕ ತಂದರು. ಭಾವನದು ಅಲ್ಲಿ ಸಿಮೆಂಟಿನ ಅಂಗಡಿ. ಬಹಳ ಶಿಸ್ತಿನ ಮನುಷ್ಯರು. ಮಂಡಕ್ಕಿಯನ್ನೂ ಸಾಲು ಹಚ್ಚಿ ತಿನ್ನುವವರ ಪೈಕಿ. ಮಕ್ಕಳಿಗೆ ಕತೆ ಅಂದರೆ ಅದರಿಂದ ಏನಾದರೂ ಕಲಿಯಬೇಕು, ಸುಮ್ಮನೆ ಹುಲಿ ಕುಣಿಸಿದರೆ ಏನು ಬಂತು ಅಂತ ನನಗೆ ಬುದ್ಧಿ ಹೇಳಿದರು. ಪ್ರತಿ ಕತೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ನೀತಿ’ ಅಂತ ಬರೆದಿತ್ತು.

ಭಾವ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತರು, ನಾನು ಓದಿದೆ. ಕೂಸಿಗೆ ಕತೆಗಿಂತ ಕೆಳಗಿನ ದಪ್ಪ ಅಕ್ಷರವೇ ಸೇರಿತು. ಬರೀ ನೀತಿ ಓದು ಅಂತ ಹಟ ಹಿಡಿಯಿತು. ತಿನ್ನುವುದನ್ನು ಹಂಚಿಕೊಳ್ಳಬೇಕು ಅಂತ ಓದಿದೆ. ಕೂಸು ಎದ್ದು ಹೋಗಿ ಅವರಪ್ಪನ ತಟ್ಟೆಯಿಂದ ಮಿರ್ಚಿ ಎತ್ತಿ ನನಗೆ ಕೊಟ್ಟಿತು. ಈ ಪುಸ್ತಕ ಅಷ್ಟೇನೂ ಕೆಟ್ಟದ್ದಲ್ಲ ಅಂತ ನನಗೂ ಅನ್ನಿಸಿತು. ಮುಂದಿನದು: ಸುಳ್ಳು ಹೇಳುವವರನ್ನು ತಡೆಯಬೇಕು.

ಆಗಲೇ ಭಾವನ ಫೋನ್ ಬಡಿಯಿತು. ಮುದಗಲ್ಲಿನಲ್ಲಿ ಯಾರದೋ ಮನೆಯ ಸ್ಲ್ಯಾಬ್ ಹಾಕುವುದಿತ್ತು, ಗೌಂಡಿಗಳು ಬಂದು ಕೂತಿದ್ದರು, ಸಿಮೆಂಟ್ ಮುಟ್ಟಿರಲಿಲ್ಲ. ಭಾವ ಒಂದು ಕೈಯಲ್ಲಿ ಮಂಡಕ್ಕಿ ಹಿಡಿದುಕೊಂಡೇ, ಅತೀ ಗಂಭೀರವಾಗಿ, “ಗಾಡಿ ಜೋಡಿನ ಅದೀನ್ರಿ, ಮುದಗಲ್ ಅಗಸಿ ಬಾಗಲಾ ಕಾಣಾಕತ್ತೈತಿ” ಅಂದರು.

ಕೂಸು ತಡೆಯಿತು. ತಂದೆಯ ತೊಡೆ ಹತ್ತಿ, ಫೋನಿಗೆ ಬಾಯಿ ಹಚ್ಚಿ, ನನ್ನ ಮನೆತನದ ದನಿಯಲ್ಲಿ ಎಲ್ಲಾ ಇದ್ದದ್ದು ಹೇಳಿತು. ಅಪ್ಪ ಮಸ್ಕಿಯಲ್ಲಿದ್ದಾನೆ, ಅಗಸಿ ಇಲ್ಲ, ಅಜ್ಜಿ ಇದ್ದಾಳೆ, ಮಂಡಕ್ಕಿ ತಿನ್ನಾಕತ್ಯಾನ, ಎರಡು ಮಿರ್ಚಿ ಉಳಿದಾವ.

ಆ ಕಡೆಯವನು ಏನಂದನೋ ಗೊತ್ತಿಲ್ಲ, ಭಾವನ ಕಿವಿ ಕೆಂಪಾಯಿತು. ಫೋನ್ ಇಟ್ಟವರೇ ಪುಸ್ತಕ ಕಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಇದು ಇಷ್ಟು ಸಣ್ಣ ಕೂಸಿಗಲ್ಲ, ತಿಳಿವಳಿಕೆ ಬಂದ ಮೇಲೆ ಓದಿಸಬೇಕು ಅಂದರು. ಎಷ್ಟು ದೊಡ್ಡವಳಾದ ಮೇಲೆ ಅಂತ ನಾನು ವಿನಯದಿಂದಲೇ ಕೇಳಿದೆ.

“ನಾ ಅಂಗಡಿ ಬಂದ್ ಮಾಡಿದ ಮ್ಯಾಲೆ” ಅಂದರು.

ದಢೇಸುಗೂರಿನಲ್ಲಿ ಕೋಳಿಮರಿ

ಮೂರು ಪುಸ್ತಕ ಸೋತ ಮೇಲೆ ನನಗೆ ಒಂದು ದೊಡ್ಡ ವಿಚಾರ ಹೊಳೆಯಿತು. ಕೇಳುವವರು ಯಾರೋ ಅವರೇ ಆರಿಸಲಿ. ಇಂಥ ವಿಚಾರ ಎಲ್ಲರಿಗೂ ಹೊಳೆಯುವುದಿಲ್ಲ. ಕೂಸನ್ನು ಗಾಡಿಯ ಮುಂದೆ ಕೂಡಿಸಿಕೊಂಡು ಪುಸ್ತಕದಂಗಡಿಗೆ ಒಯ್ದು, ನೆಲದ ಮೇಲೆ ಪುಸ್ತಕ ಹರವಿ ಬಿಟ್ಟೆ. ಅದು ಒಂದೊಂದನ್ನೂ ತೆರೆದು ನೋಡಿ, ಮೂಸಿ ನೋಡಿ, ಒಂದನ್ನು ನೆಕ್ಕಿಯೂ ನೋಡಿ, ಕೊನೆಗೆ ನಾನು ಸಿಂಧನೂರಿನಲ್ಲಿ ಬ್ಯಾಡ ಅಂದಿದ್ದಂಥದ್ದೇ ಒಂದು ತೆಳ್ಳಗಿನದನ್ನು ಎದೆಗೆ ಅವಚಿಕೊಂಡಿತು.

ಒಂದು ಕೋಳಿಮರಿ ಮಳೆಯಲ್ಲಿ ತೊಯ್ದು ಮನೆ ಮನೆಯ ಬಾಗಿಲು ಬಡಿಯುತ್ತದೆ. ಎಲ್ಲಾ ಹಾಳೆಯಲ್ಲೂ ಅದೇ ಮಾತು: ಟಕ್ ಟಕ್ ಟಕ್, ಯಾರದು? ನಾನು ಟಕ್ ಟಕ್ ಅಂದರೆ ಕೂಸು ಯಾರದು ಅನ್ನುತ್ತಿತ್ತು. ತನ್ನ ಪಾಳಿ ಬರುವ ತನಕ ಉಸಿರು ಬಿಗಿ ಹಿಡಿದು ಕೂಡುತ್ತಿತ್ತು. ನನಗೂ ದನಿ ತಗ್ಗಿಸುವುದು ಬಂತು. ಅಷ್ಟು ಸಣ್ಣ ಮರಿ ಅಷ್ಟು ಜೋರಾಗಿ ಬಾಗಿಲು ಬಡಿಯುವುದಿಲ್ಲ ಅಂತ ಕೂಸೇ ತಿದ್ದಿತ್ತು. ಒಳಗೆ ಮಂಚದ ಮೇಲಿಂದ ಅಕ್ಕನೂ ಮೆಲ್ಲಗೆ ಯಾರದು ಅನ್ನುವುದು ಕೇಳುತ್ತಿತ್ತು. ಒಂದೇ ಕೊರತೆ: ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓದಬೇಕು. ಒಂದು ಹಾಳೆ ಹಾರಿಸಿದರೂ ಕೂಸು ಬೆರಳು ಹಿಡಿದು ತಿರುಗಿ ತರುತ್ತಿತ್ತು. ಆ ವಾರ ನಾನು ಊಟದಲ್ಲಿ, ಸ್ನಾನದಲ್ಲಿ, ನಿದ್ದೆಯಲ್ಲಿ ಬರೀ ಟಕ್ ಟಕ್.

ಅದೇ ವಾರ ದಢೇಸುಗೂರಿನಲ್ಲಿ ಕಬಡ್ಡಿ. ಮೈಕ್ ಹಿಡಿದವನು ನಾನು. ಗದ್ದೆಯ ಮಗ್ಗುಲಿಗೆ ಅಂಗಳ, ಸುತ್ತ ಜನವೋ ಜನ. ಕೊನೆಯ ಪಂದ್ಯ, ಎರಡೂ ಕಡೆ ಸಮ ಸಮ. ಹೊರಗಿನ ಊರಿನ ದಾಂಡಿಗ ರೈಡರ್ ಒಬ್ಬ ಕಬಡ್ಡಿ ಕಬಡ್ಡಿ ಅನ್ನುತ್ತಾ ಗೆರೆ ದಾಟಿ ಬಂದು, ಕಾಲಿನಿಂದ ನೆಲ ಬಡಿದ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಮೈಕಿನಲ್ಲಿ, ಕೋಳಿಮರಿಯ ಸಣ್ಣ ದನಿಯಲ್ಲಿ, “ಟಕ್ ಟಕ್ ಟಕ್, ಯಾರದು?” ಅಂದುಬಿಟ್ಟೆ.

ಹಿಂದಿನಿಂದ ಯಾರೋ ಒಬ್ಬ ಹಿರಿಯರು ಬಹಳ ಸಾವಕಾಶವಾಗಿ, “ಬೀಗರು ಬಂದಾರ, ಬಾಗಲಾ ತಗೀರಿ” ಅಂದರು. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ರೈಡರ್ ಹಲ್ಲು ಕಚ್ಚಿ ತಡೆದ, ಗಲ್ಲ ಉಬ್ಬಿಸಿ ತಡೆದ, ಕೊನೆಗೆ ಪುಸ್ಸಂತ ನಕ್ಕ. ದಮ್ಮು ಹೋಯಿತು. ಔಟ್.

ಪಂದ್ಯ ಮುಗಿದ ಮೇಲೆ ಸೋತ ತಂಡದ ನಾಯಕ ತೋಳು ಮಡಚುತ್ತಾ ನನ್ನ ಕಡೆಗೇ ಬಂದ. ನಾನು ಮೈಕ್ ಗಟ್ಟಿಯಾಗಿ ಹಿಡಿದುಕೊಂಡೆ, ಓಡಲಿಕ್ಕಲ್ಲ, ಸುಮ್ಮನೆ. ಅದು ಎಲ್ಲಿಯ ಮಾತು ಅಂತ ಕೇಳಿದ. ಕೂಸಿನ ಪುಸ್ತಕದ್ದು ಅಂದೆ.

“ಅದು ಎಲ್ಲಿ ಸಿಗ್ತೈತಿ ಹೇಳ್ರಿ. ನಮ್ಮ ಹುಡುಗರಿಗೆ ದಿನಾ ಓದಿಸಬೇಕು, ಮುಂದಿನ ಸಲ ನಗಬಾರದು.”

ತೊಟ್ಟಿಲು

ಐತವಾರ ಬಂತು. ಕೋಳಿಮರಿಯನ್ನೇ ಓದಿ ಗೆದ್ದುಬಿಡುತ್ತೇನೆ ಅಂದುಕೊಂಡಿದ್ದೆ. ಭಾವ ಒಪ್ಪಲಿಲ್ಲ. ಬಾಯಿಪಾಠ ಆದದ್ದು ನಡೆಯೂದಿಲ್ಲ, ಹೊಸದು ಓದು ಅಂದರು. ನಾನೇನು ಸಿದ್ಧವಿಲ್ಲದೆ ಇದ್ದೆನೇ? ಹಿಂದಿನ ದಿನವೇ ಒಂದು ತಂದಿಟ್ಟಿದ್ದೆ. ಈಗ ಪುಸ್ತಕ ಆರಿಸುವುದರಲ್ಲಿ ನಾನು ಪಳಗಿದವನು. ದೊಡ್ಡ ದೊಡ್ಡ ಚಿತ್ರ, ಹಾಳೆಗೆ ಒಂದೆರಡು ಸಾಲು, ಕೂಸು ಎಳೆದರೂ ಹರಿಯದ ರಟ್ಟಿನಂಥ ಕಾಗದ. ಹೊದಿಕೆಯ ಮೇಲೆ ಮುದ್ದಾದ ಅಳಿಲು. ಒಳಗೆ ಮೊದಲ ಎರಡು ಹಾಳೆ ನೋಡಿದ್ದೆ, ಸಾಕಾಗಿತ್ತು. ಮೈಕ್ ಹಿಡಿಯುವವನು ಚೀಟಿ ಕೈಗೆ ಬಂದಾಗ ಓದುತ್ತಾನೆ, ಮೊದಲೇ ಕೂತು ಅಭ್ಯಾಸ ಮಾಡುವುದಿಲ್ಲ.

ಭಾವ ಪರೀಕ್ಷೆ ಮಾಡುವ ಸಾಹೇಬರ ಹಾಗೆ ಕುರ್ಚಿ ಹಾಕಿಕೊಂಡು ಕೂತರು. ಕೂಸಿನ ಅಂಗಿ ಲಂಗದ ಚೀಲ ಬಾಗಿಲಲ್ಲಿ ತಯಾರಿತ್ತು. ಅಕ್ಕ ಮಂಚದ ಮೇಲಿಂದ ಆ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಮೂಲೆಯಲ್ಲಿ ನನ್ನ ಅಜ್ಜಿ ರುದ್ರಾಕ್ಷಿ ಎಣಿಸುತ್ತಾ ಕೂತಿದ್ದಳು.

ಶುರು ಮಾಡಿದೆ. ಬೇವಿನ ಗಿಡದ ಮೇಲೆ ಒಂದು ಅಳಿಲು ಗೂಡು ಕಟ್ಟಿತು. ಹತ್ತಿ ತಂದು ಮೆತ್ತಗೆ ಮಾಡಿತು. ಕೂಸು ಅಲುಗಾಡಲಿಲ್ಲ. ನಾನು ಭಾವನ ಕಡೆ ಒಮ್ಮೆ ನೋಡಿ, ಮೀಸೆ ಸವರಿಕೊಂಡು, ಮುಂದಿನ ಹಾಳೆ ಓದಿದೆ. ಒಂದು ಮುಂಜಾನೆ ಅಳಿಲಿಗೆ ಒಂದು ಮರಿ ಹುಟ್ಟಿತು.

“ತಡಿ” ಅಂದಳು ಅಜ್ಜಿ.

ಇಲ್ಲಿ ಒಂದು ಮಾತು ಹೇಳಬೇಕು. ಶ್ರಾವಣದಲ್ಲಿ ನಮ್ಮ ಕಡೆ ಮಠದಲ್ಲಿ ತಿಂಗಳ ತನಕ ಪುರಾಣ ನಡೆಯುತ್ತದೆ. ಅದರಲ್ಲಿ ಶರಣರು ಹುಟ್ಟುವ ಭಾಗ ಬಂದ ದಿನ ಸುಮ್ಮನೆ ಓದಿ ಮುಂದಕ್ಕೆ ಹೋಗುವ ಹಾಗಿಲ್ಲ. ಅಲ್ಲೇ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಹೆಸರಿಟ್ಟು, ಗುಗ್ಗರಿ ಹಂಚಿದ ಮೇಲೇ ಮುಂದಿನ ಮಾತು. ನಮ್ಮ ಅಜ್ಜಿ ಒಂದು ದಿನವೂ ತಪ್ಪಿಸಿದವಳಲ್ಲ. ಅವಳ ಪ್ರಕಾರ ನಾಲ್ಕು ಜನರ ನಡುವೆ ಪುಸ್ತಕ ತೆರೆದು ರಾಗವಾಗಿ ಓದಿದರೆ ಅದು ಪುರಾಣ. ಅಳಿಲಿನದಾದರೇನು?

“ಹಾಳಿ ತಿರುವಬ್ಯಾಡ. ಕೂಸು ಹುಟ್ಟೈತಿ. ತೊಟ್ಟಲಾ ಕಟ್ಟದ ಮುಂದಿಂದು ಓದ್ತಾರೇನು? ಯಾವ ಸೀಮಿ ಪುರಾಣಿಕನೋ ನೀನು.”

ನಾನು ತಿಳಿಸಿ ಹೇಳಿದೆ, ಅಳಿಲು ಬೇ ಅಜ್ಜಿ ಅಂದೆ, ರಮಿಸಿದೆ. ಅವಳು ಆಗಲೇ ಕಟ್ಟೆಗೆ ಹೋಗಿ ಓಣಿಯ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದಳು. ಭಾವ ಕುರ್ಚಿಗೆ ಒರಗಿ, ನಿನ್ನ ಪರೀಕ್ಷೆ ಮುಗೀತು ಬಿಡು ಅಂದು ನಕ್ಕರು. ಕತೆ ನಿಂತರೆ ಕೂಸು ಎಲ್ಲಿ ಓಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಕೂಸು ಓಡಲಿಲ್ಲ. ಹುಟ್ಟಿದ ಮರಿಯ ಮೇಲೆ ಅಂಗೈ ಇಟ್ಟುಕೊಂಡು, ಯಾರೂ ಹಾಳೆ ತಿರುವದ ಹಾಗೆ ಕಾವಲು ಕೂತಿತು.

ಆಮೇಲೆ ನಡೆದದ್ದು ನನ್ನ ಕೈಯಲ್ಲಿ ಇರಲಿಲ್ಲ. ಯಾರೋ ಸಂಜೆಯ ಪಲ್ಯಕ್ಕೆ ನೆನೆಸಿದ ಕಡಲೆ ತಂದು ಕುದಿಸಿ ಗುಗ್ಗರಿ ಮಾಡಿದರು. ಹೆರಿಗೆಗೆ ಮೊದಲು ಮನೆಯ ತೊಟ್ಟಿಲು ಇಳಿಸಬಾರದು ಅಂದಳು ಅಜ್ಜಿ. ಹಾಗಾದರೆ ಏನು ಮಾಡುವುದು? ನನ್ನ ಎರಡು ಮೈಕ್ ಸ್ಟ್ಯಾಂಡ್ ನಿಲ್ಲಿಸಿ, ನಡುವೆ ಭಾವನ ಹೆಗಲ ಮೇಲಿನ ಹೊಸ ಟವೆಲ್ ಕಟ್ಟಿದರು. ಅದರಲ್ಲಿ ಪುಸ್ತಕ ತೆರೆದು ಮಲಗಿಸಿದರು. ಹೆಣ್ಣುಮಕ್ಕಳು ತೂಗಿ ಜೋಗುಳ ಹಾಡಿದರು. ಅಕ್ಕ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು, ನಗಸಬ್ಯಾಡ್ರಿ, ಡಾಕ್ಟರ್ ಬೈತಾರ ಅನ್ನುತ್ತಿದ್ದಳು.

ಹೆಸರಿಡುವ ಹೊತ್ತಿಗೆ ತಕರಾರು ಎದ್ದಿತು. ಕಿವಿಯಲ್ಲಿ ಕುರ್ ಅಂತ ಊದಿ ಹೆಸರು ಹೇಳುವವಳು ಸೋದರತ್ತೆ. ಅಳಿಲಿನ ಸೋದರತ್ತೆ ಯಾರು? ಪುಸ್ತಕದಲ್ಲಿ ನೋಡು ಅಂದರು. ನೋಡಿದೆ, ಅಂಥವರು ಯಾರೂ ಇರಲಿಲ್ಲ. ಅಜ್ಜಿ ವಿಚಾರ ಮಾಡಿ ತೀರ್ಪು ಕೊಟ್ಟಳು. ಓದಿದ್ದು ನಮ್ಮ ಮನೆಯಲ್ಲಿ, ಆದ್ದರಿಂದ ಇದು ತವರಿನಲ್ಲಿ ಹುಟ್ಟಿದ ಕೂಸು. ಸೋದರತ್ತೆ ಗಂಡನ ಮನೆಯ ಕಡೆಯಿಂದ, ಅಂದರೆ ಲಿಂಗಸುಗೂರಿನಿಂದ ಬರಬೇಕು. ಲಿಂಗಸುಗೂರಿನಿಂದ ಯಾರು ಬಂದಾರ?

ಎಲ್ಲರೂ ಕುರ್ಚಿಯ ಕಡೆ ನೋಡಿದರು.

ನಾ ಗಂಡಸ್ರೀ ಅಂದರು ಭಾವ. ಇರ್ಲಿ ಬಿಡಪ್ಪಾ, ಪುರಾಣದಾಗ ಅದನ್ನೆಲ್ಲಾ ನೋಡಂಗಿಲ್ಲ ಅಂದಳು ಅಜ್ಜಿ. ಕೂಸು ಹೋಗಿ ತಂದೆಯ ಕೈ ಹಿಡಿದು ಎಬ್ಬಿಸಿ ತಂದಿತು. ಯಾವ ಹೆಸರಿಡಬೇಕು ಅಂತ ಕೇಳಿದರೆ ತನಗೆ ಗೊತ್ತಿದ್ದ ಎಲ್ಲಕ್ಕಿಂತ ಚಂದದ ಹೆಸರು ಹೇಳಿತು: ಸಿಮೆಂಟ್. ಭಾವ ಬೇರೆ ದಾರಿ ಕಾಣದೆ ತೊಟ್ಟಿಲೊಳಗೆ ಬಗ್ಗಿ, ಅಳಿಲಿನ ಚಿತ್ರದ ಕಿವಿಗೆ ಬಾಯಿ ಹಚ್ಚಿ, “ಕುರ್” ಅಂದರು.

ಸೋದರತ್ತೆ ಬಗ್ಗಿ ಕುರ್ ಅನ್ನುವಾಗ ಸುತ್ತಲಿನ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಭಾವನಿಗೆ ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ನಮ್ಮ ಓಣಿಯ ಹೆಣ್ಣುಮಕ್ಕಳು ಭತ್ತದ ಹೊರೆ ಹೊರುವವರು, ಖಾರ ಕುಟ್ಟುವವರು. ಅಳಿಯಂದಿರ ಬೆನ್ನು ದಿನಾ ಸಿಗುವುದಿಲ್ಲ. ಅವ್ವನೂ ಅಡುಗೆ ಮನೆಯಿಂದ ಓಡಿಬಂದು, ಮರ್ಯಾದೆಗೆ ಮುಖ ಆ ಕಡೆ ತಿರುಗಿಸಿಕೊಂಡು, ಒಂದು ಹಾಕಿದಳು.

ಭಾವ ಸೊಂಟ ಹಿಡಿದು ನಿಧಾನಕ್ಕೆ ನೆಟ್ಟಗಾದರು. ಆದರೂ ಛಲ ಬಿಡಲಿಲ್ಲ. ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನಡಿ, ನಮ್ಮೂರಿಗೆ ಹೋಗೂಣು ಅಂದರು.

“ಸಿಮೆಂಟ್‌ನ ಬಿಟ್ಟು ಹೆಂಗ ಬರ್ಲಿ ಅಪ್ಪಾ? ನಿನ್ನೆ ಮೊನ್ನೆ ಹುಟ್ಟ್ಯಾನ.”

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಕೂಸು ಇಷ್ಟು ಹೊತ್ತು ತಾಯಿಯ ಮೈಮೇಲೆ ಹತ್ತಿಲ್ಲ, ಅದಂತೂ ಖರೆ ಅಂತ ಅವರೇ ಒಪ್ಪಿಕೊಂಡರು. ಆದರೆ ಷರತ್ತು ಷರತ್ತೇ, ಪುಸ್ತಕ ಮುಗಿಯಬೇಕಲ್ಲ ಅಂದರು. ಅದಕ್ಕೇನಂತೆ ಅಂದೆ. ಹೆಣ್ಣುಮಕ್ಕಳು ಸೆರಗಿನಲ್ಲಿ ಗುಗ್ಗರಿ ಕಟ್ಟಿಕೊಂಡು ಕಟ್ಟೆಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಗೆದ್ದವನ ಗತ್ತಿನಲ್ಲಿ ತೊಟ್ಟಿಲಿನಿಂದ ಪುಸ್ತಕ ಎತ್ತಿಕೊಂಡು, ಹಾಳೆ ತಿರುವಿ, ಓಣಿಗೆಲ್ಲ ಕೇಳುವ ಹಾಗೆ ಓದಿದೆ.

“ಸ್ವಲ್ಪ ಹೊತ್ತಿಗೆ ಎರಡನೆಯ ಮರಿಯೂ ಹುಟ್ಟಿತು.”

ಹೊರಗೆ ಚಪ್ಪಲಿಯ ಸಪ್ಪಳ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಒಳಗೆ ಬಂದರು. ಕಡ್ಲಿ ಇನ್ನೂ ಉಳದಾವೇನು ನೋಡ್ರಿ ಅಂದಳು ಅಜ್ಜಿ.

ಭಾವ ನನ್ನ ಹೆಗಲ ಮೇಲಿಂದ ಬಗ್ಗಿ ಮುಂದಿನ ಹಾಳೆಯನ್ನು ಮೆಲ್ಲಗೆ ಎತ್ತಿ ನೋಡಿದರು. ಗೂಡಿನ ತುಂಬ ಬಾಲಗಳಿದ್ದವು. ಅವರು ಬಾಗಿಲಲ್ಲಿದ್ದ ಕೂಸಿನ ಚೀಲವನ್ನು ಎತ್ತಿ ಒಳಗೆ ಅಕ್ಕನ ಮಂಚದ ಕೆಳಗೆ ಇಟ್ಟರು. ತೊಟ್ಟಿಲಾಗಿದ್ದ ಟವೆಲ್ಲನ್ನು ಒಮ್ಮೆ ನೋಡಿ ಅದರ ಆಸೆಯನ್ನೂ ಬಿಟ್ಟರು. ಬೆನ್ನನ್ನು ಗೋಡೆಯ ಕಡೆಗೇ ಇಟ್ಟುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಾಗಿಲು ಮುಟ್ಟಿದರು.

“ಕೂಸು ಇಲ್ಲೇ ಇರ್ಲಿ” ಅಂದರು. “ಆ ಅಳಿಲಿನ ಬಾಣಂತನ ಮುಗಿಯೂತನಕ ನಾ ಈ ಕಡೆ ಬರಂಗಿಲ್ಲ.”